ಮಾಂಸವನ್ನೇ ಮುಟ್ಟದ ಮನೆಯ ಹುಡುಗನ ಮಿದುಳಿಗೆ ಲಾಡಿಹುಳು ಹೇಗೆ ಬಂತು?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗನಿಗೆ 17 ವರ್ಷ, ಪಿಯುಸಿ ಓದುತ್ತಿದ್ದಾನೆ. ಎರಡು ತಿಂಗಳ ಹಿಂದೆ ಬೆಳಗ್ಗೆ ಇದ್ದಕ್ಕಿದ್ದಂತೆ ಬಲಗೈ ಅದುರಿ, ಆಮೇಲೆ ಪೂರ್ತಿ ಫಿಟ್ಸ್ ಬಂತು. ಎಂಆರ್‌ಐ ಮಾಡಿಸಿದೆವು. ಮಿದುಳಿನಲ್ಲಿ ಒಂದು ಸಣ್ಣ ಗಂಟು ಇದೆ, ಅದು ಲಾಡಿಹುಳುವಿನ ಲಾರ್ವಾ, ಅಂದರೆ ಮರಿ ರೂಪ, ಇದಕ್ಕೆ ನ್ಯೂರೋಸಿಸ್ಟಿಸರ್ಕೋಸಿಸ್ ಅನ್ನುತ್ತಾರೆ ಎಂದರು. ಹೋಸ್ಟ್, ಇಂಟರ್ಮೀಡಿಯೆಟ್ ಹೋಸ್ಟ್, ಸಿಸ್ಟ್ ಅಂತ ಡಾಕ್ಟರು ವಿವರಿಸಿದರು, ನನಗೆ ತಲೆಗೆ ಹೋಗಲಿಲ್ಲ. ಹಂದಿ ಮಾಂಸ ತಿಂದವರಿಗೆ ಬರುವ ಕಾಯಿಲೆ ಇದು ಎಂದು ನೆಂಟರು ಮಗನನ್ನು ಅನುಮಾನದಿಂದ ನೋಡುತ್ತಿದ್ದಾರೆ. ನಾವು ಕೋಳಿಮೊಟ್ಟೆಯನ್ನೂ ಮನೆಗೆ ತರುವವರಲ್ಲ. ಇದರ ಮಧ್ಯೆ ಮಗಳ ಮಲ ಪರೀಕ್ಷೆಯ ರಿಪೋರ್ಟಿನಲ್ಲಿ ‘ಎಂಟಮೀಬಾ ಸಿಸ್ಟ್’ ಇದೆ ಎಂದು ಬಂದಿದೆ. ಅವಳಿಗೂ ಮಿದುಳಿಗೆ ಹೋಗಿದೆಯಾ? ಎಲ್ಲರೂ ಹುಳುವಿನ ಮಾತ್ರೆ ನುಂಗಿದರೆ ಸಾಕಾ? ಈ ಪದಗಳನ್ನೆಲ್ಲ ಒಂದು ಸಲ ಬಿಡಿಸಿ ಹೇಳಿ.

ಉತ್ತರ: ಅಮ್ಮಾ, ಮೊದಲು ನಿಮ್ಮ ಮಗನ ಮೇಲಿನ ಅನುಮಾನ ತೆಗೆದುಹಾಕೋಣ. ಹಂದಿ ಮಾಂಸ ತಿನ್ನುವುದರಿಂದ ಈ ಕಾಯಿಲೆ ನೇರವಾಗಿ ಬರುವುದಿಲ್ಲ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರಿಗೆ ಬರುವುದು ಹೊಟ್ಟೆಯೊಳಗಿನ ಉದ್ದನೆಯ ಹುಳು. ಮಿದುಳಿಗೆ ಹೋಗುವುದು ಆ ಹುಳುವಿನ ಮೊಟ್ಟೆ ನುಂಗಿದವರಲ್ಲಿ. ಮೊಟ್ಟೆ ಇರುವುದು ಹಂದಿಯ ಮಾಂಸದಲ್ಲಲ್ಲ, ಮನುಷ್ಯರ ಮಲದಲ್ಲಿ. ಹೊಟ್ಟೆಯಲ್ಲಿ ಹುಳು ಇರುವ ಯಾರೋ ಬಯಲಲ್ಲಿ ಕೂತು, ಆ ಮಲ ಸೇರಿದ ನೀರು ಸೊಪ್ಪಿನ ಮಡಿಗೆ ಹರಿದರೆ, ಅಥವಾ ಅವರು ಕೈ ತೊಳೆಯದೆ ನಿಮ್ಮ ತಟ್ಟೆಗೆ ಬಡಿಸಿದರೆ ಸಾಕು. ತಿನ್ನುವವರು ಯಾವ ಜಾತಿ, ಏನು ಊಟ ಎಂದು ಆ ಮೊಟ್ಟೆ ಕೇಳುವುದಿಲ್ಲ.

ಇದನ್ನು ನಾನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ. 1990-91ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನಾಲ್ಕು ಜನರಿಗೆ ಇದೇ ಕಾಯಿಲೆ ಬಂತು. ನಾಲ್ವರೂ ಮಡಿವಂತ ಯಹೂದಿ ಸಮುದಾಯದವರು. ಹಂದಿ ಮಾಂಸ ತಿನ್ನುವುದು ಅವರ ಧರ್ಮದಲ್ಲಿ ನಿಷಿದ್ಧ. ವೈದ್ಯರು ಜಾಡು ಹಿಡಿದು ಹೋದಾಗ, ಲಾಡಿಹುಳು ಹೆಚ್ಚಾಗಿರುವ ದೇಶಗಳಿಂದ ಬಂದು ಆ ಮನೆಗಳಲ್ಲಿ ಅಡುಗೆ, ಮನೆಗೆಲಸ ಮಾಡುತ್ತಿದ್ದವರಿಂದ ಸೋಂಕು ಬಂದಿರುವ ಸಾಧ್ಯತೆಯೇ ಜಾಸ್ತಿ ಎಂದು ಕಂಡಿತು. ತಮ್ಮ ಹೊಟ್ಟೆಯಲ್ಲಿ ಹುಳು ಇರುವುದು ಸಾಮಾನ್ಯವಾಗಿ ಅಂಥವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಈ ಕಥೆ ಕೇಳಿ ನಿಮ್ಮ ಮನೆಗೆ ಬರುವ ಕೆಲಸದವರ ಮೇಲೆ ಕಣ್ಣು ಹಾಕಬೇಡಿ. ಹುಳು ಇಟ್ಟುಕೊಂಡವರು ಅಪರಾಧಿಗಳಲ್ಲ, ಚಿಕಿತ್ಸೆ ಸಿಗಬೇಕಾದವರು.

ಈಗ ನೀವು ಕೇಳಿದ ಪದಗಳಿಗೆ ಬರೋಣ. ವೈದ್ಯಕೀಯ ಕಾಲೇಜಿನಲ್ಲಿ ಇಷ್ಟು ವರ್ಷ ಈ ಪಾಠ ಮಾಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ. ಈ ಪದಗಳನ್ನು ಬಾಯಿಪಾಠ ಮಾಡಿದರೆ ಮೂರು ದಿನಕ್ಕೆ ಮರೆತುಹೋಗುತ್ತವೆ. ಆದರೆ ಪ್ರತಿ ಪದವೂ ಒಂದು ಪ್ರಶ್ನೆಗೆ ಉತ್ತರ ಎಂದು ನೋಡಿದರೆ ಮರೆಯುವುದೇ ಇಲ್ಲ. ಈ ಜೀವಿ ಎಲ್ಲಿ ಬೆಳೆಯುತ್ತೆ? ಯಾವ ರೂಪದಲ್ಲಿ ಹೊರಗೆ ಬರುತ್ತೆ? ಯಾವ ರೂಪದಲ್ಲಿ, ಯಾವ ದಾರಿಯಲ್ಲಿ ನಮ್ಮೊಳಗೆ ಬರುತ್ತೆ? ಇವು ಗೊತ್ತಾದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಪರಾವಲಂಬಿ ಎಂಬ ಪದದಿಂದ ಶುರು ಮಾಡೋಣ. ಮಾವಿನ ಮರದ ಮೇಲೆ ಬಂದಳಿಕೆ ನೋಡಿರುತ್ತೀರಿ, ಕೆಲವು ಕಡೆ ಬದನಿಕೆ ಅಂತಾರೆ. ಅದಕ್ಕೆ ನೆಲದಲ್ಲಿ ಬೇರಿಲ್ಲ. ಮಾವಿನ ಕೊಂಬೆಯೊಳಗೆ ಬೇರು ಇಳಿಸಿ, ಮರದ ರಸ ಹೀರಿ ಹಸಿರಾಗಿರುತ್ತದೆ. ಇನ್ನೊಂದು ಜೀವಿಯ ಮೇಲೋ ಒಳಗೋ ಇದ್ದು, ಅದರಿಂದ ಆಹಾರ ಪಡೆದು, ಅದಕ್ಕೆ ನಷ್ಟ ಮಾಡುವುದೇ ಪರಾವಲಂಬಿ. ಆಸರೆ ಕೊಟ್ಟ ಮಾವಿನ ಮರ ಹೋಸ್ಟ್. ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ಆತಿಥೇಯ ಎಂದು ಬರೆಯುತ್ತಾರೆ. ಇನ್ನೊಂದು ವಿಷಯ ಗಮನಿಸಿ: ಬಂದಳಿಕೆ ಬೆಳೆದ ಮರ ತಕ್ಷಣ ಒಣಗುವುದಿಲ್ಲ. ಮರ ಸತ್ತರೆ ಬಂದಳಿಕೆಗೂ ಉಳಿಗಾಲವಿಲ್ಲ. ನಮ್ಮ ಹೊಟ್ಟೆಯ ಹುಳುಗಳೂ ಹೆಚ್ಚಾಗಿ ಹೀಗೇ. ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತವೆ. ಅದಕ್ಕೇ ವೈದ್ಯರು ಸೋಂಕು ಬೇರೆ, ಕಾಯಿಲೆ ಬೇರೆ ಎನ್ನುವುದು. ಒಳಗೆ ಜೀವಿ ಇದೆ ಅಂದರೆ ಸೋಂಕು. ಅದರಿಂದ ತೊಂದರೆ ಆಯಿತು ಅಂದರೆ ಕಾಯಿಲೆ.

ನಮ್ಮನ್ನು ಕಾಡುವ ಪರಾವಲಂಬಿಗಳು ಮೂರು ಬಗೆ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ, ಒಂದೇ ಜೀವಕೋಶದವು ಒಂದು ಬಗೆ. ಮಲೇರಿಯಾ, ಅಮೀಬಾ ಇದರಲ್ಲಿ ಬರುತ್ತವೆ. ಜಂತುಹುಳು, ಕೊಕ್ಕೆಹುಳು, ಲಾಡಿಹುಳು ಇನ್ನೊಂದು ಬಗೆ. ಹೇನು, ಉಣ್ಣೆಯಂಥ ಮೈಮೇಲಿನವು ಮೂರನೆಯವು. ಇವುಗಳಲ್ಲಿ ಮೊದಲ ಎರಡರ ನಡುವೆ ಒಂದು ದೊಡ್ಡ ವ್ಯತ್ಯಾಸ ಇದೆ. ನಿಮ್ಮ ಮಗನ ವಿಷಯಕ್ಕೆ ಅದು ಬೇಕೇ ಬೇಕು. ಒಂದೇ ಕೋಶದ ಜೀವಿಗಳು ನಮ್ಮೊಳಗೇ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಹುಳುಗಳು ಬಹುಪಾಲು ಹಾಗಲ್ಲ. ಒಳಗೆ ಹತ್ತು ಕೊಕ್ಕೆಹುಳು ಇದ್ದರೆ ಹತ್ತು ಮರಿಹುಳು ಹೊರಗಿಂದ ಬಂದಿವೆ ಎಂದೇ ಅರ್ಥ. ಅಪವಾದಗಳು ಇವೆ, ನಿಮ್ಮ ಮಗನಿಗೆ ಬಂದಿರುವ ಲಾಡಿಹುಳುವಿನ ಲಾರ್ವಾ ಆ ಅಪವಾದವಲ್ಲ. ಮಿದುಳಿನಲ್ಲಿ ಒಂದು ಗಂಟಿದ್ದರೆ ಅದು ಮರಿ ಹಾಕಿ ನಾಲ್ಕಾಗುವುದಿಲ್ಲ. ಎಷ್ಟೋ ತಾಯಂದಿರು ರಾತ್ರಿ ನಿದ್ದೆ ಬಿಡುವುದು ಈ ಭಯಕ್ಕೆ. ಬಿಡಬೇಕಾಗಿಲ್ಲ.

ಈಗ ಲಾಡಿಹುಳು. ಪೈಜಾಮದ ಲಾಡಿಯಂತೆ ಚಪ್ಪಟೆಯಾಗಿ, ಉದ್ದಕ್ಕೆ, ಬಿಳಿಯಾಗಿ ಇರುವುದಕ್ಕೇ ಆ ಹೆಸರು. ನಿಮ್ಮ ಮಗನ ವಿಷಯದಲ್ಲಿ ಬಂದಿರುವುದು ಹಂದಿ ಲಾಡಿಹುಳು, ಟೀನಿಯಾ ಸೋಲಿಯಂ. ನಮ್ಮ ಲ್ಯಾಬಿನಲ್ಲಿ ಫಾರ್ಮಲಿನ್ ತುಂಬಿದ ಜಾಡಿಯಲ್ಲಿ ಒಂದಿತ್ತು. ವಿದ್ಯಾರ್ಥಿಗಳು ಮೊದಲು ನೋಡಿದಾಗ ಶ್ಯಾವಿಗೆ ಮಡಚಿಟ್ಟಿದ್ದಾರೆ ಅಂದುಕೊಳ್ಳುತ್ತಿದ್ದರು. ಉದ್ದ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮೀಟರ್, ಕೆಲವೊಮ್ಮೆ ಏಳರ ತನಕ. ತಲೆ ಗುಂಡುಸೂಜಿಯ ತಲೆಯಷ್ಟು. ಅದರಲ್ಲಿ ನಾಲ್ಕು ಹೀರುಬಟ್ಟಲು, ಎರಡು ಸುತ್ತು ಕೊಕ್ಕೆ. ಅವುಗಳಿಂದ ಸಣ್ಣ ಕರುಳಿನ ಗೋಡೆ ಕಚ್ಚಿ ಹಿಡಿಯುತ್ತದೆ. ತಲೆಯ ಹಿಂದೆ ನೂರಾರು ತುಂಡುಗಳು ಸರಪಳಿಯಂತೆ ಜೋಡಿಸಿಕೊಂಡಿರುತ್ತವೆ. ಬಾಯಿಲ್ಲ, ಹೊಟ್ಟೆಯಿಲ್ಲ. ನಾವು ಜೀರ್ಣ ಮಾಡಿದ ಆಹಾರವನ್ನು ಮೈ ಚರ್ಮದಿಂದಲೇ ಹೀರುತ್ತದೆ. ಕೊನೆಯ ತುಂಡುಗಳು ಮೊಟ್ಟೆಯಿಂದ ತುಂಬಿ, ಕಳಚಿ, ಮಲದ ಜೊತೆ ಹೊರಗೆ ಬರುತ್ತವೆ. ಒಂದು ತುಂಡಿನಲ್ಲಿ ಸುಮಾರು 50,000 ಮೊಟ್ಟೆ ಇರಬಹುದು.

ಆ ಮಲವನ್ನು ಬೀದಿಯಲ್ಲಿ ತಿರುಗುವ ಹಂದಿ ತಿನ್ನುತ್ತದೆ. ಹಂದಿಯ ಹೊಟ್ಟೆಯಲ್ಲಿ ಮೊಟ್ಟೆ ಒಡೆದು ಮರಿ ಹೊರಬಂದು, ಕರುಳು ಕೊರೆದು, ರಕ್ತದಲ್ಲಿ ತೇಲಿ ಮಾಂಸಖಂಡಕ್ಕೆ ಹೋಗಿ ಕೂರುತ್ತದೆ. ಅಲ್ಲಿ ನೀರು ತುಂಬಿದ ಪುಟ್ಟ ಗುಳ್ಳೆಯಾಗುತ್ತದೆ. ನೆನೆಸಿದ ಸಬ್ಬಕ್ಕಿ ಕಾಳು ಗೊತ್ತಲ್ಲ, ಹೆಚ್ಚುಕಡಿಮೆ ಹಾಗೇ, ಒಳಗೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆಯೇ ಮುಂದಿನ ಹುಳುವಿನ ತಲೆ. ಈ ಗುಳ್ಳೆಗೆ ಸಿಸ್ಟಿಸರ್ಕಸ್ ಎಂದು ಹೆಸರು. ಆ ಮಾಂಸವನ್ನು ಸರಿಯಾಗಿ ಬೇಯಿಸದೆ ಯಾರಾದರೂ ತಿಂದರೆ ಚುಕ್ಕೆ ಹೊರಗೆ ಚಾಚಿ, ಕರುಳಿಗೆ ಅಂಟಿ, ಸುಮಾರು ಎರಡು ತಿಂಗಳಲ್ಲಿ ಪೂರ್ತಿ ಹುಳುವಾಗುತ್ತದೆ. ಚಕ್ರ ಸುತ್ತಿ ಬಂತು. ಇದಕ್ಕೆ ಜೀವನಚಕ್ರ ಎನ್ನುತ್ತಾರೆ.

ಈ ಚಕ್ರದಲ್ಲಿ ಇಬ್ಬರು ಆತಿಥೇಯರು ಇದ್ದಾರೆ, ಅಲ್ವಾ? ಹುಳು ಪ್ರಾಯಕ್ಕೆ ಬಂದು ಮೊಟ್ಟೆ ಇಡುವುದು ಮನುಷ್ಯನಲ್ಲಿ. ಪರಾವಲಂಬಿ ಪ್ರಾಯಕ್ಕೆ ಬಂದು ಸಂತಾನ ಮಾಡುವ ಜಾಗ ಡೆಫಿನಿಟಿವ್ ಹೋಸ್ಟ್, ಅಂತಿಮ ಆತಿಥೇಯ. ಎಳೆಯ ರೂಪದಲ್ಲಿ ಬೆಳೆಯುವ ಜಾಗ ಇಂಟರ್ಮೀಡಿಯೆಟ್ ಹೋಸ್ಟ್, ಮಧ್ಯಂತರ ಆತಿಥೇಯ. ಇಲ್ಲಿ ಅದು ಹಂದಿ. ನಿಮ್ಮ ಡಾಕ್ಟರು ಹೇಳಿದ್ದು ಇದನ್ನೇ. ಹಂದಿಯ ಬದಲು ಮನುಷ್ಯನೇ ಆ ಮೊಟ್ಟೆ ನುಂಗಿಬಿಟ್ಟರೆ? ಮರಿಗೆ ಅದು ಹಂದಿಯ ಹೊಟ್ಟೆಯೋ ಮನುಷ್ಯನ ಹೊಟ್ಟೆಯೋ ಗೊತ್ತಾಗುವುದಿಲ್ಲ. ಹಂದಿಯಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡುತ್ತದೆ. ಕರುಳು ಕೊರೆದು, ರಕ್ತ ಸೇರಿ, ಸ್ನಾಯು, ಕಣ್ಣು, ಮಿದುಳಿಗೆ ಹೋಗಿ ಗುಳ್ಳೆ ಕಟ್ಟುತ್ತದೆ. ಅಂದರೆ ನಿಮ್ಮ ಮಗ ಆ ಹುಳುವಿನ ಲೆಕ್ಕದಲ್ಲಿ ಹಂದಿಯ ಜಾಗದಲ್ಲಿ ನಿಂತುಬಿಟ್ಟ. ಇದಕ್ಕೆ ಆಕಸ್ಮಿಕ ಆತಿಥೇಯ ಎನ್ನುತ್ತಾರೆ. ಮನುಷ್ಯನ ಮಾಂಸವನ್ನು ಯಾರೂ ತಿನ್ನುವುದಿಲ್ಲ, ಹಾಗಾಗಿ ಹುಳುವಿನ ದಾರಿ ಅಲ್ಲಿಗೆ ಮುಗಿಯಿತು. ಅದಕ್ಕೇ ಡೆಡ್ ಎಂಡ್ ಹೋಸ್ಟ್ ಎಂದೂ ಹೇಳುತ್ತಾರೆ. ಈ ಮಾತಿನಿಂದ ನಿಮಗೊಂದು ಉತ್ತರ ಸಿಗುತ್ತದೆ: ಮಿದುಳಿನ ಗುಳ್ಳೆಯಿಂದ ಯಾರಿಗೂ ಸೋಂಕು ಹರಡುವುದಿಲ್ಲ. ಮಗನ ತಟ್ಟೆ ಲೋಟ ಬೇರೆ ಇಡಬೇಡಿ. ಅಕ್ಕ ತಂಗಿಯರ ಜೊತೆ ಕೂತು ಉಣ್ಣಲಿ.

ಗುಳ್ಳೆಯೂ ಉದ್ದನೆಯ ಹುಳುವೂ ಒಂದೇ ಜೀವಿ ಎಂದು ತಿಳಿಯಲು ಜಗತ್ತಿಗೆ ಬಹಳ ಕಾಲ ಹಿಡಿಯಿತು. ಎರಡೂ ಬೇರೆ ಬೇರೆ ಪ್ರಾಣಿ ಎಂದೇ ವಿದ್ವಾಂಸರು ನಂಬಿದ್ದರು. 1855ರಲ್ಲಿ ಕುಕೆನ್‌ಮೈಸ್ಟರ್ ಎಂಬ ಜರ್ಮನ್ ವೈದ್ಯ, ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿಗೆ ಹಂದಿ ಮಾಂಸದ ಗುಳ್ಳೆಗಳನ್ನು ಊಟದಲ್ಲಿ ಬೆರೆಸಿ ತಿನ್ನಿಸಿದ. ಶಿಕ್ಷೆ ಆದ ಮೇಲೆ ಕರುಳು ತೆರೆದು ನೋಡಿದಾಗ ಎಳೆಯ ಲಾಡಿಹುಳುಗಳು ಸಿಕ್ಕವು. ಆ ಕೈದಿಗೆ ಏನು ತಿನ್ನುತ್ತಿದ್ದೇನೆ ಎಂದು ಗೊತ್ತಿರಲಿಲ್ಲ. ನಾನು ಈ ಪಾಠ ಮಾಡುವಾಗಲೆಲ್ಲ ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ನಾವು ಇವತ್ತು ಸುಲಭವಾಗಿ ಹೇಳುವ ಮಾತಿನ ಹಿಂದೆ ಹೀಗೆ ಒಪ್ಪಿಗೆ ಕೇಳದೆ ಬಳಸಿಕೊಂಡ ಒಂದು ಜೀವವೂ ಇದೆ ಎಂದು ವಿದ್ಯಾರ್ಥಿಗಳಿಗೆ ತಿಳಿದಿರಬೇಕು.

ಅಂತಿಮ, ಮಧ್ಯಂತರ ಎಂದ ಕೂಡಲೇ ಮನುಷ್ಯ ಯಾವಾಗಲೂ ಅಂತಿಮ, ಪ್ರಾಣಿ ಯಾವಾಗಲೂ ಮಧ್ಯಂತರ ಅಂದುಕೊಳ್ಳಬೇಡಿ. ಮಲೇರಿಯಾದಲ್ಲಿ ಇದು ತಿರುಗಮುರುಗ. ಮಲೇರಿಯಾ ಜೀವಿಯ ಗಂಡು ಹೆಣ್ಣು ರೂಪಗಳು ಕೂಡುವುದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ. ಹಾಗಾಗಿ ಸೊಳ್ಳೆಯೇ ಅಂತಿಮ ಆತಿಥೇಯ, ನಾವು ಮಧ್ಯಂತರ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡದ್ದು ದೊಡ್ಡ ವಿಷಯವಾದದ್ದು ಇದಕ್ಕೇ. ಸೊಳ್ಳೆ ಸುಮ್ನೆ ಹೊತ್ತು ತರುವುದಲ್ಲ, ಅದರೊಳಗೆ ಆ ಜೀವಿ ಬೆಳೆಯುತ್ತದೆ ಎಂದು ಗೊತ್ತಾಯಿತು. 1902ರಲ್ಲಿ ಅವರಿಗೆ ನೊಬೆಲ್ ಬಂತು.

ಹೀಗೆ ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವ ಕೀಟಕ್ಕೆ ವೆಕ್ಟರ್, ವಾಹಕ ಎಂದು ಹೆಸರು. ಮಲೆನಾಡಿನ ಮಂಗನ ಕಾಯಿಲೆಯಲ್ಲಿ ಉಣ್ಣೆ ಅಂಥ ವಾಹಕ. ಅಲ್ಲಿ ಕಾಯಿಲೆ ತರುವುದು ವೈರಸ್, ಆದರೆ ವೈರಸ್ಸನ್ನು ಹೊರುವ ಉಣ್ಣೆ ಮಾತ್ರ ಅಪ್ಪಟ ಪರಾವಲಂಬಿ. ನೊಣವೂ ವಾಹಕವೇ, ಆದರೆ ಬೇರೆ ಥರ. ಮಲದ ಮೇಲೆ ಕೂತು ಕಾಲಿಗೆ ಅಂಟಿದ್ದನ್ನು ನಿಮ್ಮ ಅನ್ನದ ಮೇಲೆ ಒರೆಸುತ್ತದೆ, ಅಷ್ಟೇ. ಅದರೊಳಗೆ ಏನೂ ಬೆಳೆಯಬೇಕಾಗಿಲ್ಲ.

ರಿಸರ್ವಾಯರ್ ಎಂಬ ಮಾತನ್ನೂ ಕೇಳಿರಬಹುದು. ಯಾವ ಪ್ರಾಣಿಯಲ್ಲೋ ಜನರಲ್ಲೋ ಸೋಂಕು ಸದಾ ಉಳಿದಿರುತ್ತದೋ ಅದು; ಸೋಂಕು ಬತ್ತದಂತೆ ಉಳಿದಿರುವ ಕೆರೆ ಎಂದುಕೊಳ್ಳಿ. ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ಸೋಂಕಿಗೆ ಝೂನೋಸಿಸ್ ಎನ್ನುತ್ತಾರೆ. ಕುರಿ ಕಾಯುವವರಲ್ಲಿ ಯಕೃತ್ತಿನಲ್ಲಿ ದೊಡ್ಡ ನೀರುಗುಳ್ಳೆ ಬರುವುದುಂಟು, ಹೈಡಾಟಿಡ್ ಎಂದು ಹೆಸರು. ಅದೂ ಒಂದು ಲಾಡಿಹುಳುವೇ, ಆದರೆ ಪ್ರಾಯದ ಹುಳು ಇರುವುದು ನಾಯಿಯ ಕರುಳಲ್ಲಿ, ಗುಳ್ಳೆ ಇರಬೇಕಾದದ್ದು ಕುರಿಯಲ್ಲಿ. ನಾಯಿಯ ಮಲದಲ್ಲಿರುವ ಮೊಟ್ಟೆ ಕೈಯಿಂದ ಬಾಯಿಗೆ ಹೋದರೆ ಮನುಷ್ಯ ಕುರಿಯ ಜಾಗದಲ್ಲಿ ನಿಲ್ಲುತ್ತಾನೆ. ನಿಮ್ಮ ಮಗ ಹಂದಿಯ ಜಾಗದಲ್ಲಿ ನಿಂತ ಹಾಗೇ.

ಇನ್ನು ಮಗಳ ರಿಪೋರ್ಟು. ಇಲ್ಲಿ ಗೊಂದಲ ಆಗಿರುವುದು ನಿಮ್ಮ ತಪ್ಪಿನಿಂದ ಅಲ್ಲ, ನಮ್ಮ ವೈದ್ಯಶಾಸ್ತ್ರ ಒಂದೇ ಪದವನ್ನು ಹತ್ತು ಕಡೆ ಬಳಸುವುದರಿಂದ. ಸಿಸ್ಟ್ ಅಂದರೆ ಮೂಲದಲ್ಲಿ ಚೀಲ. ಅಂಡಾಶಯದಲ್ಲಿ ನೀರು ತುಂಬಿದರೂ ಸಿಸ್ಟ್, ಮಗನ ಮಿದುಳಿನ ಗುಳ್ಳೆಯೂ ಸಿಸ್ಟ್. ಮಗಳ ಮಲದಲ್ಲಿ ಕಂಡ ಸಿಸ್ಟ್ ಮಾತ್ರ ಇವೆರಡೂ ಅಲ್ಲ. ಅದು ಅಮೀಬಾ ಎಂಬ ಒಂಟಿ ಕೋಶದ ಜೀವಿ ಗಟ್ಟಿ ಹೊದಿಕೆ ಹೊದ್ದು ಮಲಗಿರುವ ರೂಪ. ಅಮೀಬಾಕ್ಕೆ ಎರಡು ರೂಪ ಇವೆ. ಕರುಳಲ್ಲಿ ಓಡಾಡಿ, ತಿಂದು, ಹೆಚ್ಚುವ ರೂಪ ಒಂದು, ಅದು ಮೈಯಿಂದ ಹೊರಗೆ ಬಂದರೆ ಬೇಗ ಸಾಯುತ್ತದೆ. ಒಣಗಿದ ರಾಗಿ ಕಾಳಿನಂತೆ ಕಾಯುತ್ತಾ ಕೂರುವ ಈ ಸಿಸ್ಟ್ ಇನ್ನೊಂದು. ಹೊರಗಿನ ನೀರು, ಮಣ್ಣು, ಹೊಟ್ಟೆಯ ಆಮ್ಲ ಎಲ್ಲ ತಡೆದುಕೊಂಡು ಇನ್ನೊಬ್ಬರ ಕರುಳು ಸೇರುವುದು ಇದೇ. ಸೋಂಕು ತಗುಲಿಸುವ ರೂಪ ಎಂದರೆ ಇದು.

ಮಗಳಿಗೆ ಹೊಟ್ಟೆನೋವು, ರಕ್ತ ಸಿಂಬಳ ಬೆರೆತ ಭೇದಿ ಏನಾದರೂ ಇದೆಯಾ ಎಂದು ನಿಮ್ಮ ಡಾಕ್ಟರು ಕೇಳುತ್ತಾರೆ. ಕಾಯಿಲೆ ತರುವ ಅಮೀಬಾದ ಸಿಸ್ಟೂ, ಏನೂ ಮಾಡದೆ ಸುಮ್ಮನಿರುವ, ಅದನ್ನೇ ಹೋಲುವ ಇನ್ನೊಂದು ಪ್ರಭೇದದ ಸಿಸ್ಟೂ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತವೆ. ಹಾಗಾಗಿ ರಿಪೋರ್ಟಿನ ಒಂದು ಸಾಲು ನೋಡಿ ಅಂಗಡಿಯಲ್ಲಿ ಮಾತ್ರೆ ತಂದು ಕೊಡಬೇಡಿ, ಡಾಕ್ಟರಿಗೆ ತೋರಿಸಿ. ಮಗನ ಮಿದುಳಿನ ಗುಳ್ಳೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ನಾನು ಇದನ್ನು ಪೂರ್ತಿ ಬದಿಗೆ ಇಡುವುದಿಲ್ಲ. ಅಮೀಬಾದ ಸಿಸ್ಟ್ ಬಂದದ್ದೂ, ಲಾಡಿಹುಳುವಿನ ಮೊಟ್ಟೆ ಬಂದದ್ದೂ ಒಂದೇ ದಾರಿಯಲ್ಲಿ, ಯಾರದೋ ಮಲದಿಂದ ಬಾಯಿಗೆ. ನೀರು, ಸೊಪ್ಪು, ಹೊರಗಿನ ತಿಂಡಿ, ಕೈ, ಇವುಗಳಲ್ಲಿ ಎಲ್ಲೋ ಒಂದು ಕಡೆ ನಿಮ್ಮ ಮನೆಯ ಬಾಗಿಲು ತೆರೆದಿದೆ.

ದಾರಿ ಗೊತ್ತಾದರೆ ಎಷ್ಟು ದೊಡ್ಡ ಕೆಲಸ ಆಗುತ್ತದೆ ಎನ್ನುವುದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ಉತ್ತರ ಕರ್ನಾಟಕದ ಹಿರಿಯರನ್ನು ನಾರುಹುಣ್ಣಿನ ಬಗ್ಗೆ ಕೇಳಿ ನೋಡಿ. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅದರಿಂದ ಬಿಳಿ ನಾರಿನಂಥ ಹುಳು ಹೊರಗೆ ಬರುತ್ತಿತ್ತು. ಉದ್ದ ಒಂದು ಮೀಟರ್ ತನಕ. ಎಳೆದರೆ ತುಂಡಾಗಿ ಕಾಲು ಕೊಳೆಯುತ್ತಿತ್ತು. ಅದಕ್ಕೆ ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ತೆಗೆಯುತ್ತಿದ್ದರು. ಬಿತ್ತನೆ ಹೊತ್ತಿಗೆ ಮನೆಯ ಗಂಡಾಳು ಹೆಣ್ಣಾಳು ಹಾಸಿಗೆ ಹಿಡಿದರೆ ಆ ವರ್ಷದ ಬೆಳೆ ಹೋದಂತೆಯೇ.

ಆ ಹುಳುವಿಗೆ ಔಷಧಿ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಇವತ್ತಿಗೂ ಇಲ್ಲ. ಆದರೆ ಅದರ ಚಕ್ರ ಗೊತ್ತಿತ್ತು. ಹುಣ್ಣಿರುವ ವ್ಯಕ್ತಿ ಕೊಡ ತುಂಬಲು ಮೆಟ್ಟಿಲು ಬಾವಿಗೆ ಇಳಿದಾಗ ಕಾಲು ನೀರಿಗೆ ತಾಗುತ್ತದೆ. ತಂಪು ತಾಗಿದ ಕೂಡಲೇ ಹುಳು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಎಂಬ ಧೂಳಿನ ಕಣದಷ್ಟು ನೀರಿನ ಪ್ರಾಣಿ ಆ ಮರಿಗಳನ್ನು ತಿನ್ನುತ್ತದೆ. ಅದು ಮಧ್ಯಂತರ ಆತಿಥೇಯ. ಆ ನೀರು ಕುಡಿದವರ ಕಾಲಿನಲ್ಲಿ ಸುಮಾರು ಒಂದು ವರ್ಷಕ್ಕೆ ನಾರು ಹೊರಗೆ ಬರುತ್ತದೆ. ಎಲ್ಲಿ ಕತ್ತರಿಸಬೇಕು ಎಂದು ಈಗ ನೀವೇ ಹೇಳಬಲ್ಲಿರಿ. ಸೈಕ್ಲಾಪ್ಸ್ ಬಟ್ಟೆಯಲ್ಲಿ ನಿಲ್ಲುವಷ್ಟು ದೊಡ್ಡದು. ನೀರನ್ನು ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿದರು. ಮೆಟ್ಟಿಲು ಬಾವಿಗೆ ಇಳಿಯುವುದನ್ನು ತಪ್ಪಿಸಿದರು, ಹಗ್ಗದಲ್ಲಿ ಸೇದುವ ಬಾವಿ, ಕೊಳವೆ ಬಾವಿ ಮಾಡಿದರು. ನೀರಿಗೆ ಸೈಕ್ಲಾಪ್ಸ್ ಸಾಯುವ ಔಷಧಿ ಹಾಕಿದರು. 1980ರ ದಶಕದಲ್ಲಿ ದೇಶದಾದ್ಯಂತ ಶುರುವಾದ ಈ ಕೆಲಸದಿಂದ 1996ರಲ್ಲಿ ಭಾರತದ ಕೊನೆಯ ರೋಗಿ ರಾಜಸ್ಥಾನದಲ್ಲಿ ಕಂಡುಬಂದರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಾರುಹುಳು ಭಾರತದಲ್ಲಿ ಇಲ್ಲ ಎಂದು ಪ್ರಮಾಣಪತ್ರ ಕೊಟ್ಟಿತು. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಈ ಹುಳುವನ್ನು ರೋಗಿಯ ಕಾಲಲ್ಲಿ ನೋಡಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಮಗನ ವಿಷಯಕ್ಕೆ ಮರಳೋಣ. ಮೊಟ್ಟೆ ಯಾವಾಗ ಹೊಟ್ಟೆಗೆ ಹೋಯಿತು ಎಂದು ನೆನಪಿಸಿಕೊಳ್ಳಲು ನೀವು ಒದ್ದಾಡುತ್ತಿರಬಹುದು. ಹಾಸ್ಟೆಲಿನ ಊಟವಾ, ಜಾತ್ರೆಯ ತಿಂಡಿಯಾ ಎಂದು. ಅದು ಗೊತ್ತಾಗುವುದಿಲ್ಲ, ಬಿಟ್ಟುಬಿಡಿ. ಸೋಂಕು ತಗುಲಿದ ದಿನಕ್ಕೂ ಲಕ್ಷಣ ಕಂಡ ದಿನಕ್ಕೂ ನಡುವಿನ ಅವಧಿ ಈ ಕಾಯಿಲೆಯಲ್ಲಿ ತಿಂಗಳುಗಳೂ ಇರಬಹುದು, ವರ್ಷಗಳೂ ಇರಬಹುದು. ಬ್ರಿಟಿಷ್ ಸೈನಿಕರಲ್ಲಿ ಕಂಡ 450 ಪ್ರಕರಣಗಳ ಅಧ್ಯಯನ 1961ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ಭಾರತದಲ್ಲಿ ಸೇವೆ ಮಾಡಿ ಹೋದವರು. ಎಷ್ಟೋ ಜನರಿಗೆ ಊರು ಸೇರಿ ವರ್ಷಗಳು ಕಳೆದ ಮೇಲೆ ಫಿಟ್ಸ್ ಶುರುವಾಗಿತ್ತು.

ಇಷ್ಟು ದಿನ ಸುಮ್ಮನಿದ್ದ ಗುಳ್ಳೆ ಈಗ ಯಾಕೆ ಫಿಟ್ಸ್ ತಂತು? ಲಾರ್ವಾ ಬದುಕಿದ್ದಾಗ ನಮ್ಮ ರೋಗನಿರೋಧಕ ಶಕ್ತಿಗೆ ಕಾಣದಂತೆ ಅಡಗಿರುತ್ತದೆ. ಅದು ಸಾಯಲು ಶುರುವಾದಾಗ ಆ ಮರೆ ಹೋಗುತ್ತದೆ. ಆಗ ಮೈ ಅದರ ಮೇಲೆ ಬೀಳುತ್ತದೆ, ಸುತ್ತ ಊತ ಬರುತ್ತದೆ. ಆ ಊತ ಮಿದುಳನ್ನು ಕೆಣಕಿ ಫಿಟ್ಸ್ ತರುತ್ತದೆ. ಹಾಗಾಗಿ ಫಿಟ್ಸ್ ಬಂತು ಎಂದರೆ ಎಷ್ಟೋ ಸಲ ಹುಳುವಿನ ಕೊನೆಗಾಲ ಬಂತು ಎಂದರ್ಥ. ನಮ್ಮ ದೇಶದಲ್ಲಿ ನಿಮ್ಮ ಮಗನಿಗಿರುವಂಥ ಒಂಟಿ ಸಣ್ಣ ಗಂಟೇ ಜಾಸ್ತಿ. ಹಿಂದೆ ಇಂಥ ಗಂಟನ್ನು ಕ್ಷಯದ ಗಂಟು ಎಂದುಕೊಂಡು ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಅಂಥ ಗಂಟುಗಳನ್ನು ತೆಗೆದು ಪರೀಕ್ಷಿಸಿ, ಅವುಗಳಲ್ಲಿ ಬಹಳಷ್ಟು ಲಾಡಿಹುಳುವಿನ ಲಾರ್ವಾ ಎಂದು ತೋರಿಸಿದರು. ಒಂಟಿ ಗಂಟು ಹಲವರಲ್ಲಿ ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ. ಕೆಲವರಲ್ಲಿ ಸುಣ್ಣದ ಚುಕ್ಕೆಯಾಗಿ ಉಳಿಯುತ್ತದೆ. ಅಂಥವರಿಗೆ ಫಿಟ್ಸ್ ಮಾತ್ರೆ ಜಾಸ್ತಿ ದಿನ ಬೇಕಾಗಬಹುದು.

ಮನೆಯವರೆಲ್ಲ ಹುಳುವಿನ ಮಾತ್ರೆ ನುಂಗಿದರೆ ಸಾಕಾ ಎಂದು ಕೇಳಿದಿರಿ. ದಯವಿಟ್ಟು ಹಾಗೆ ಮಾಡಬೇಡಿ. ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಕೊಡುವ ಒಂದು ಆಲ್ಬೆಂಡಜೋಲ್ ಮಾತ್ರೆ ಒಳ್ಳೆಯದೇ, ಅದನ್ನು ತಪ್ಪಿಸಬೇಡಿ. ಅದು ಜಂತುಹುಳು, ಕೊಕ್ಕೆಹುಳುಗಳಂಥ ಮಣ್ಣಿನಿಂದ ಬರುವ ಹುಳುಗಳಿಗೆ. ಲಾಡಿಹುಳುವಿಗೆ ಒಂದು ಮಾತ್ರೆಯನ್ನು ನಂಬುವಂತಿಲ್ಲ. ಮಿದುಳಿನಲ್ಲಿ ಲಾರ್ವಾ ಇರುವವರು ತಾವಾಗಿಯೇ ಹುಳುವಿನ ಔಷಧಿ ತೆಗೆದುಕೊಂಡರೆ ಅಪಾಯವೇ ಇದೆ. ಲಾರ್ವಾ ಒಮ್ಮೆಲೇ ಸತ್ತು ಊತ ಹೆಚ್ಚಿ ಮತ್ತೆ ಫಿಟ್ಸ್ ಬರಬಹುದು. ಅದಕ್ಕೇ ನಿಮ್ಮ ಡಾಕ್ಟರು ಹುಳುವಿನ ಔಷಧಿಯ ಜೊತೆ ಊತ ಇಳಿಸುವ ಸ್ಟೆರಾಯ್ಡ್ ಕೊಡುತ್ತಾರೆ. ಔಷಧಿ ಶುರು ಮಾಡುವ ಮೊದಲು ಕಣ್ಣಿನೊಳಗೆ ಗುಳ್ಳೆ ಇಲ್ಲ ಎಂದು ನೋಡುವುದೂ ಇದೇ ಕಾರಣಕ್ಕೆ. ಮಗನ ಕಣ್ಣು ಪರೀಕ್ಷೆ ಆಗಿಲ್ಲದಿದ್ದರೆ ಡಾಕ್ಟರಿಗೆ ನೆನಪಿಸಿ, ಸಂಕೋಚ ಬೇಡ.

ನೀವು ಮಾಡಬೇಕಾದದ್ದು ಇದು: ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರು, ಬಡಿಸುವವರು, ಮಗ, ಎಲ್ಲರ ಮಲ ಪರೀಕ್ಷೆ. ಮಗನದೂ ಯಾಕೆ ಅಂದರೆ, ಹೊಟ್ಟೆಯಲ್ಲಿ ಹುಳು ಇರುವವರು ತಮ್ಮದೇ ಮೊಟ್ಟೆಯನ್ನು ತಾವೇ ಕೈಯಿಂದ ನುಂಗಬಹುದು. ಇದಕ್ಕೆ ಸ್ವಸೋಂಕು ಎನ್ನುತ್ತಾರೆ. ಹುಳು ದಿನವೂ ಮೊಟ್ಟೆ ಹೊರಗೆ ಕಳಿಸುವುದಿಲ್ಲ, ಆದ್ದರಿಂದ ಬೇರೆ ಬೇರೆ ಮೂರು ದಿನದ ಮಾದರಿ ಕೊಡಿ. ಲ್ಯಾಬಿನವರು ‘ಟೀನಿಯಾ ಮೊಟ್ಟೆ’ ಎಂದಷ್ಟೇ ಬರೆದರೆ ಗಾಬರಿ ಬೇಡ. ಹಂದಿ ಲಾಡಿಹುಳುವಿನ ಮೊಟ್ಟೆಯೂ ದನದ ಲಾಡಿಹುಳುವಿನ ಮೊಟ್ಟೆಯೂ ನೋಡಲು ಒಂದೇ. ದನದ ಲಾಡಿಹುಳುವಿನ ಮೊಟ್ಟೆಯಿಂದ ಮಿದುಳಿನ ಕಾಯಿಲೆ ಬರುವುದಿಲ್ಲ. ಯಾರದೋ ಹೊಟ್ಟೆಯಲ್ಲಿ ಹುಳು ಸಿಕ್ಕರೆ ಅದಕ್ಕೆ ಸರಳವಾದ ಚಿಕಿತ್ಸೆ ಇದೆ. ಅಡುಗೆಯವರಿಗೆ ಸಿಕ್ಕರೆ ಕೆಲಸದಿಂದ ತೆಗೆಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಖರ್ಚು ನೀವೇ ಕೊಡಿ.

ಸೊಪ್ಪಿನ ಬಗ್ಗೆ ಒಂದು ಮಾತು. ಜೋಳದ ರೊಟ್ಟಿ ಜೊತೆ ಹಸಿ ಮೆಂತ್ಯೆ, ಹಕ್ಕರಕಿ, ಮೂಲಂಗಿ ತಿನ್ನುವುದು, ಸಾರಿಗೆ ಕೊನೆಯಲ್ಲಿ ಹಸಿ ಕೊತ್ತಂಬರಿ ಹಾಕುವುದು ನಮ್ಮ ರೂಢಿ. ಜಂತುಹುಳುವಿನ ಮೊಟ್ಟೆ ಮಣ್ಣಲ್ಲಿ ಎರಡು ಮೂರು ವಾರ ಬಲಿತ ಮೇಲೆಯೇ ಸೋಂಕು ತರುತ್ತದೆ. ಲಾಡಿಹುಳುವಿನ ಮೊಟ್ಟೆ ಹಾಗಲ್ಲ, ಹೊರಬಂದ ದಿನವೇ ಸಿದ್ಧ, ಒದ್ದೆ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಉಪ್ಪು ಅರಿಶಿನದ ನೀರಲ್ಲಿ ಅದ್ದಿದರೆ ಅದು ಸಾಯುತ್ತದೆ ಎಂದು ನಂಬಬೇಡಿ. ಕುದಿಸಿದರೆ, ಬೇಯಿಸಿದರೆ ಸಾಯುತ್ತದೆ. ಹಸಿಯಾಗಿ ತಿನ್ನಲೇಬೇಕಿದ್ದರೆ ಕಟ್ಟು ಬಿಚ್ಚಿ, ಒಂದೊಂದೇ ಎಲೆಯನ್ನು ಹರಿಯುವ ನಲ್ಲಿ ನೀರಲ್ಲಿ ಉಜ್ಜಿ ತೊಳೆಯಿರಿ. ಇದು ಮೊಟ್ಟೆಯನ್ನು ಕೊಲ್ಲುವುದಿಲ್ಲ, ತೊಳೆದು ಕಳಿಸುತ್ತದೆ. ಚರಂಡಿ ನೀರಲ್ಲಿ ಬೆಳೆದ ಸೊಪ್ಪು ಎಂದು ಗೊತ್ತಿದ್ದರೆ ಹಸಿ ತಿನ್ನಲೇಬೇಡಿ.

ಕೊನೆಯದಾಗಿ ಫಿಟ್ಸ್ ಮಾತ್ರೆ. ಎರಡು ತಿಂಗಳಿಂದ ಫಿಟ್ಸ್ ಬಂದಿಲ್ಲ ಎಂದು ನೀವಾಗಿಯೇ ನಿಲ್ಲಿಸಬೇಡಿ, ಒಂದು ಹೊತ್ತೂ ತಪ್ಪಿಸಬೇಡಿ. ಮತ್ತೆ ಬಂದರೆ ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಸುತ್ತ ಚೂಪು ವಸ್ತು ಇದ್ದರೆ ಸರಿಸಿ, ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಈಗಿನ ಎಂಆರ್‌ಐ ಫಿಲ್ಮನ್ನೂ ಕಣ್ಣಿನ ಪರೀಕ್ಷೆಯ ಚೀಟಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಹೊಸ ಸ್ಕ್ಯಾನಿನ ಪಕ್ಕ ಹಳೆಯದನ್ನಿಟ್ಟು ಗಂಟು ಎಷ್ಟು ಕುಗ್ಗಿದೆ ಎಂದು ಅವರು ನೋಡುತ್ತಾರೆ. ಆಗ ಮಗನನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ. ಆ ಎರಡು ಚಿತ್ರ ಅವನೂ ನೋಡಲಿ.